ಕ್ಷಮೆ ಕೇಳಬೇಕಾದದ್ದು ಯಾರಲ್ಲಿ? – ಯಹೂದಿ ಚಿಂತನೆ ಮತ್ತು ನಮ್ಮ ದುರ್ಗದ ಸೀಮೆ



ವಿಜಯದಶಮಿಯ ಸಂಜೆ ನಿಮ್ಮ ಊರಿನಲ್ಲಿ ಬನ್ನಿ ಹಂಚುವುದನ್ನು ನೀವು ನೋಡಿರುತ್ತೀರಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಕಡೆಗೆ ಹೋದರೂ ಬನ್ನಿ ಮುಡಿದು ಬಂದವರು ಹಿರಿಯರ ಕೈಗೆ ಬನ್ನಿ ಎಲೆಯನ್ನಿತ್ತು ಕಾಲಿಗೆರಗುತ್ತಾರೆ, ಸಮವಯಸ್ಕರಾದರೆ ತಬ್ಬಿಕೊಳ್ಳುತ್ತಾರೆ. ಬಂಗಾರದ ಹಾಗೆ ಇರೋಣ ಎಂಬುದು ಆ ಎಲೆಯ ಅರ್ಥ. ವರ್ಷವಿಡೀ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು, ಬದುವಿನ ತಕರಾರಿನಿಂದ ಮುಖ ತಿರುಗಿಸಿಕೊಂಡಿದ್ದ ನೆರೆಹೊಲದವರು ಆ ಒಂದು ಸಂಜೆಯಾದರೂ ಎದುರುಬದುರಾಗಿ ನಿಲ್ಲುತ್ತಾರೆ. ಎಲೆ ಒಂದು ನೆಪ ಮಾತ್ರ. ನಿಜವಾಗಿ ಬೇಕಾದದ್ದು ಆ ನಾಲ್ಕು ಹೆಜ್ಜೆ ನಡೆದು ಹೋಗುವ ಮನಸ್ಸು.

ಹೆಚ್ಚುಕಡಿಮೆ ಇದೇ ಋತುವಿನಲ್ಲಿ ಲೋಕದಾದ್ಯಂತ ಯಹೂದಿಗಳು ಒಂದು ದಿನವನ್ನು ಆಚರಿಸುತ್ತಾರೆ. ಅದರ ಹೆಸರು ಯೋಮ್ ಕಿಪ್ಪುರ್, ಎಂದರೆ ಪ್ರಾಯಶ್ಚಿತ್ತದ ದಿನ. ಯಹೂದಿ ಪಂಚಾಂಗದ ತಿಶ್ರಿ ಮಾಸದ ಹತ್ತನೆಯ ದಿನವದು. 2025ರಲ್ಲಿ ನಮ್ಮ ವಿಜಯದಶಮಿಯೂ ಅವರ ಯೋಮ್ ಕಿಪ್ಪುರ್ ದಿನವೂ ಅಕ್ಟೋಬರ್ 2ರಂದೇ ಬಂದಿದ್ದವು. ಆ ದಿನ ಅವರು ಒಂದು ಸೂರ್ಯಾಸ್ತದಿಂದ ಮರುದಿನ ಕತ್ತಲಾಗುವವರೆಗೆ ಅನ್ನ ನೀರು ಮುಟ್ಟದೆ ಉಪವಾಸವಿದ್ದು ಪ್ರಾರ್ಥಿಸುತ್ತಾರೆ. ಆದರೆ ಅದಕ್ಕಿಂತ ಮುಖ್ಯವಾದ ಕೆಲಸವನ್ನು ಹಿಂದಿನ ದಿನಗಳಲ್ಲೇ ಮುಗಿಸಿರಬೇಕು: ತಾವು ನೋಯಿಸಿದವರ ಬಳಿಗೆ ತಾವೇ ಹೋಗಿ ಕ್ಷಮೆ ಕೇಳಿ ಬರಬೇಕು.

ಈ ಎರಡು ಆಚರಣೆಗಳಿಗೆ ಚರಿತ್ರೆಯಲ್ಲಿ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ನಮ್ಮ ಮುಂದಿಡುವ ಪ್ರಶ್ನೆ ಒಂದೇ. ತಪ್ಪು ಮಾಡಿದವನು ಕ್ಷಮೆಯನ್ನು ಯಾರಲ್ಲಿ ಕೇಳಬೇಕು? ದೇವರಲ್ಲಿಯೇ, ಊರಿನಲ್ಲಿಯೇ, ತನ್ನ ಮನಸ್ಸಿನಲ್ಲಿಯೇ ಅಥವಾ ನೊಂದವನಲ್ಲಿಯೇ? ಯಹೂದಿ ಚಿಂತಕರು ಈ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಕಾಲ ಬಿಡದೆ ಕೆದಕಿದ್ದಾರೆ. ಅವರ ಉತ್ತರವನ್ನು ಕೇಳುವ ಮೊದಲು ನಮ್ಮ ಜಿಲ್ಲೆಯಲ್ಲೇ ಇರುವ ಒಂದು ಬಂಡೆಯ ಮುಂದೆ ಸ್ವಲ್ಪ ನಿಲ್ಲೋಣ.

ಬ್ರಹ್ಮಗಿರಿಯ ಬಂಡೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಿವೆ. ಮೂರೂ ಕಡೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಸಂದೇಶವದು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶ ಅದರಲ್ಲಿದೆ. ಇನ್ನೊಂದು ಮಾತೂ ಇದೆ. ಒಳ್ಳೆಯದನ್ನು ಸಾಧಿಸುವುದು ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಅದು ದಕ್ಕುತ್ತದೆ ಎಂಬ ಮಾತು. ಇದನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಅಶೋಕನ ಮನಸ್ಸು ತಿರುಗಿದ್ದು ಕಳಿಂಗ ಯುದ್ಧದಿಂದ ಎಂಬುದನ್ನು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಅವನ ಹದಿಮೂರನೆಯ ಬೃಹತ್ ಶಿಲಾಶಾಸನ ಆ ಯುದ್ಧದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಕೊಡುತ್ತದೆ. ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ಯಲಾಯಿತು, ಒಂದು ಲಕ್ಷ ಜನ ಕೊಲೆಯಾದರು, ಅದರ ಎಷ್ಟೋ ಪಾಲು ಜನ ಆಮೇಲೆ ಸತ್ತರು. ಗೆದ್ದ ದೊರೆಯೊಬ್ಬನು ತನ್ನ ಗೆಲುವಿಗಾಗಿ ಪರಿತಪಿಸಿ ಅದನ್ನು ಕಲ್ಲಿನಲ್ಲಿ ಕೊರೆಸಿದ್ದು ಲೋಕದ ಚರಿತ್ರೆಯಲ್ಲೇ ಅಪರೂಪದ ಸಂಗತಿ. ಈ ಶಾಸನ ವಾಯವ್ಯದ ಶಹಬಾಜ್‌ಗಢಿಯಲ್ಲಿದೆ, ಗುಜರಾತಿನ ಗಿರ್ನಾರಿನಲ್ಲಿದೆ, ನಮ್ಮ ನೆರೆಯ ಆಂಧ್ರದ ಎರ‍್ರಗುಡಿಯಲ್ಲಿಯೂ ಇದೆ.

ಹಾಗಾದರೆ ಕಳಿಂಗದಲ್ಲಿ? ಇಂದಿನ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಅಶೋಕನ ಶಾಸನಗಳೇನೋ ಇವೆ. ಆದರೆ ಅಲ್ಲಿ ಹದಿಮೂರನೆಯ ಶಾಸನವನ್ನು ಕೊರೆಸಿಲ್ಲ. ಅದರ ಬದಲು, ಪ್ರಜೆಗಳೆಲ್ಲರೂ ನನ್ನ ಮಕ್ಕಳು ಎಂಬ ಅರ್ಥದ ಪ್ರತ್ಯೇಕ ಶಾಸನಗಳಿವೆ. ನೊಂದ ಜನರ ನಾಡಿನಲ್ಲಿ ಹಳೆಯ ಗಾಯವನ್ನು ಕೆದಕಬಾರದೆಂಬ ಎಚ್ಚರ ಇದಕ್ಕೆ ಕಾರಣವಿರಬಹುದೆಂದು ಇತಿಹಾಸಕಾರರು ಊಹಿಸುತ್ತಾರೆ. ಆಡಳಿತದ ದೃಷ್ಟಿಯಿಂದ ಅದು ಜಾಣತನವೂ ಆಗಿರಬಹುದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪಶ್ಚಾತ್ತಾಪದ ಮಾತು ಎಲ್ಲರ ಕಿವಿಗೂ ಬಿದ್ದು, ಗಾಯಗೊಂಡವರ ಕಿವಿಗೆ ಮಾತ್ರ ಬೀಳದಿದ್ದರೆ ಅದನ್ನು ಕ್ಷಮೆ ಕೇಳಿದ್ದು ಎನ್ನಬಹುದೇ? ಯಹೂದಿ ಚಿಂತನೆ ಮುಖ್ಯವಾಗಿ ಹಿಡಿದುಕೊಂಡಿರುವುದು ಈ ಪ್ರಶ್ನೆಯನ್ನೇ.

ದೇವಾಲಯ ಬಿದ್ದ ಮೇಲೆ

ಯಹೂದಿಗಳ ಪವಿತ್ರ ದೇವಾಲಯ ಜೆರುಸಲೇಮಿನಲ್ಲಿತ್ತು. ಅದು ಮೊದಲು ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿಯನ್ನರಿಂದ, ಮತ್ತೆ ಕಟ್ಟಿದ ಮೇಲೆ ಕ್ರಿ.ಶ. 70ರಲ್ಲಿ ರೋಮನ್ನರಿಂದ ನಾಶವಾಯಿತು. ಅಲ್ಲಿಯವರೆಗೆ ಪಾಪಪರಿಹಾರವೆಂದರೆ ದೇವಾಲಯದ ಬಲಿ, ಕಾಣಿಕೆಗಳು. ಬಲಿಪೀಠವೇ ಇಲ್ಲವಾದಾಗ ಜನ ದಿಕ್ಕೆಟ್ಟರು. ಆಗ ರಬ್ಬಿಗಳೆಂಬ ಗುರುಗಳು, ದಯೆಯ ಕೆಲಸ, ಪ್ರಾರ್ಥನೆ ಮತ್ತು ಮನಸ್ಸಿನ ಮರಳುವಿಕೆ ಇವೇ ಇನ್ನು ಮುಂದೆ ಬಲಿಯ ಸ್ಥಾನದಲ್ಲಿರುತ್ತವೆ ಎಂದು ಬೋಧಿಸಿದರು. ಮರಳುವಿಕೆಗೆ ಹೀಬ್ರೂ ಭಾಷೆಯಲ್ಲಿ ತೆಶುವಾ ಎನ್ನುತ್ತಾರೆ. ಅದನ್ನು ಪಶ್ಚಾತ್ತಾಪ ಎಂದು ಅನುವಾದಿಸುವುದುಂಟು. ಆದರೆ ಪಶ್ಚಾತ್ತಾಪದಲ್ಲಿ ಆಮೇಲೆ ಬೇಯುವುದಷ್ಟೇ ಇದೆ, ತೆಶುವಾದಲ್ಲಿ ದಾರಿ ತಪ್ಪಿದವನು ತಿರುಗಿ ನಡೆದು ಬರುವುದೂ ಸೇರಿದೆ.

ಕ್ರಿ.ಶ. 200ರ ಸುಮಾರಿಗೆ ಈ ಗುರುಗಳ ತೀರ್ಮಾನಗಳನ್ನು ಮಿಶ್ನಾ ಎಂಬ ಗ್ರಂಥದಲ್ಲಿ ಸಂಗ್ರಹಿಸಲಾಯಿತು. ಅಲ್ಲಿ ಬರುವ ಒಂದು ನಿಯಮ ಬಹು ಮುಖ್ಯವಾದದ್ದು. ತಪ್ಪುಗಳಲ್ಲಿ ಎರಡು ಬಗೆ: ಮನುಷ್ಯ ಮತ್ತು ದೇವರ ನಡುವಿನದು ಒಂದು, ಮನುಷ್ಯ ಮತ್ತು ಮನುಷ್ಯನ ನಡುವಿನದು ಇನ್ನೊಂದು. ಮೊದಲನೆಯದಕ್ಕೆ ಯೋಮ್ ಕಿಪ್ಪುರ್ ದಿನದ ಪ್ರಾರ್ಥನೆ ಉಪವಾಸಗಳು ಸಾಕು. ಎರಡನೆಯದಕ್ಕೆ ಆ ದಿನವೂ ಪರಿಹಾರವಲ್ಲ, ನೊಂದವನನ್ನು ಸಮಾಧಾನಪಡಿಸುವವರೆಗೆ ಅದು ಹಾಗೇ ಉಳಿಯುತ್ತದೆ. ಮೊದಲು ತಪ್ಪು ಮಾಡೋಣ, ಆಮೇಲೆ ಪ್ರಾಯಶ್ಚಿತ್ತದ ದಿನ ಇದ್ದೇ ಇದೆಯಲ್ಲ ಎಂದು ಲೆಕ್ಕ ಹಾಕುವವನಿಗೆ ಆ ದಿನದ ಫಲವೇ ಇಲ್ಲ.

ನಮ್ಮಲ್ಲಿ ತಪ್ಪು ಕಾಣಿಕೆ ಎಂಬ ಮಾತಿದೆ. ಹರಕೆ ಮರೆತವರು, ನಡೆ ತಪ್ಪಿದವರು ದೇವರ ಹುಂಡಿಗೆ ತಪ್ಪು ಕಾಣಿಕೆ ಹಾಕಿ ಕೈಮುಗಿಯುತ್ತಾರೆ. ಅದು ಭಕ್ತಿಯ ಮಾತು, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಪಕ್ಕದ ಮನೆಯವನ ಹೊಲದ ಬದುವನ್ನು ಒಂದು ಮೊಳ ಒತ್ತಿದವನು ಹುಂಡಿಗೆ ಎಷ್ಟು ಹಾಕಿದರೂ ಆ ಮೊಳ ನೆಲ ಪಕ್ಕದವನಿಗೆ ಮರಳುವುದಿಲ್ಲ. ಮಿಶ್ನಾದ ಗುರುಗಳು ಹೇಳುವುದು ಇಷ್ಟೇ: ದೇವರು ಕೂಡ ಇನ್ನೊಬ್ಬರ ಪರವಾಗಿ ಕ್ಷಮಿಸುವುದಿಲ್ಲ.

ಮಂಗಳೂರಿನ ವರ್ತಕ, ಕಡಲಿನಲ್ಲಿ ಕಳೆದ ತಮ್ಮ

ಈ ಚಿಂತನೆ ಎಲ್ಲೋ ದೂರದ ನಾಡಿನದೆಂದು ತೋರಬಹುದು. ಆದರೆ ಯಹೂದಿಗಳು ನಮಗೆ ಅಪರಿಚಿತರಲ್ಲ. ಕೊಚ್ಚಿಯಲ್ಲಿ, ಕೊಂಕಣದಲ್ಲಿ ಅವರು ಶತಮಾನಗಳಿಂದ ಬಾಳಿದ್ದಾರೆ. ಬೆಂಗಳೂರಿನ ಮೈಸೂರು ರಸ್ತೆಯ ಬಳಿ 1904ರಷ್ಟು ಹಿಂದಿನ ಯಹೂದಿ ಸ್ಮಶಾನವಿದೆ. ಇನ್ನೂ ಹಿಂದೆ ಹೋದರೆ, ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಸಿಗುತ್ತಾನೆ.

ಬೆನ್ ಯಿಜು ಹುಟ್ಟಿದ್ದು ಉತ್ತರ ಆಫ್ರಿಕಾದ ಮಹ್ದಿಯಾ ಪಟ್ಟಣದಲ್ಲಿ. ಸುಮಾರು 1132ರಲ್ಲಿ ಅವನು ಏಡನ್ ಮೂಲಕ ಮಂಗಳೂರಿಗೆ ಬಂದ. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣವನ್ನು ಏಡನ್‌ಗೆ ಕಳುಹಿಸುತ್ತಿದ್ದ. ಅಲ್ಲಿಂದ ಬಂದ ಹಳೆಯ ಕಂಚು ತಾಮ್ರವನ್ನು ತನ್ನ ಕಾರ್ಖಾನೆಯಲ್ಲಿ ಕರಗಿಸಿ ಹೊಸ ಪಾತ್ರೆ ಮಾಡಿಸುತ್ತಿದ್ದ. ಅವನ ಕೈಕೆಳಗೆ ಬೊಮ್ಮ ಎಂಬ ಹೆಸರಿನ ಆಳೊಬ್ಬ ವ್ಯಾಪಾರದ ಕೆಲಸಕ್ಕೆ ಏಡನ್‌ವರೆಗೂ ಹೋಗಿ ಬರುತ್ತಿದ್ದ. 1132ರ ಅಕ್ಟೋಬರಿನಲ್ಲಿ ಬೆನ್ ಯಿಜು ಆಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿದ ಪತ್ರವೂ ದೊರೆತಿದೆ. ಆಕೆಯೇ ಅವನ ಮಡದಿಯಾದಳೆಂದು ವಿದ್ವಾಂಸರು ಹೇಳುತ್ತಾರೆ.

ಇದೆಲ್ಲ ನಮಗೆ ತಿಳಿದದ್ದು ಈಜಿಪ್ಟಿನಿಂದ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂಬುದು ಯಹೂದಿಗಳ ನಿಯಮ. ಆದ್ದರಿಂದ ಹಳೆಯ ಕೈರೋದ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಗದಪತ್ರಗಳು ರಾಶಿ ಬಿದ್ದಿದ್ದವು. ಇದಕ್ಕೆ ಗೆನಿಜಾ ಎಂದು ಹೆಸರು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ಬಹುಪಾಲನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಒಯ್ದರು. ಆಮೇಲೆ ಎಸ್.ಡಿ. ಗೊಯ್ಟೀನ್ ಅವರು ಭಾರತ ವ್ಯಾಪಾರದ ಪತ್ರಗಳನ್ನು ವಿಂಗಡಿಸಿದರು. ಅಮಿತಾವ್ ಘೋಷ್ ಅವರ 1992ರ ಪುಸ್ತಕ ಬೆನ್ ಯಿಜು ಮತ್ತು ಬೊಮ್ಮನ ಕಥೆಯನ್ನು ಸಾಮಾನ್ಯ ಓದುಗರಿಗೆ ತಲುಪಿಸಿತು.

1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾ ಪಟ್ಟಣವನ್ನು ವಶಪಡಿಸಿಕೊಂಡರು. ಬೆನ್ ಯಿಜುವಿನ ಬಂಧುಗಳು ಚೆದುರಿಹೋದರು. 1149ರಲ್ಲಿ ಏಡನ್‌ಗೆ ಮರಳಿದ ಅವನು ಸೋದರರನ್ನು ಹುಡುಕಿ ಪತ್ರ ಬರೆದ. ನಮ್ಮೆಲ್ಲರಿಗೂ ಸಾಕಾಗುವಷ್ಟು ನನ್ನ ಬಳಿ ಇದೆ, ಬನ್ನಿ ಎಂಬುದು ಅದರ ಸಾರ. ಆದರೆ ಮುಬಶ್ಶಿರ್ ಎಂಬ ಸೋದರನೇ ಅವನಿಗೆ ದೊಡ್ಡ ಮೊತ್ತದ ಮೋಸ ಮಾಡಿದ. ಬೆನ್ ಯಿಜು ಅವನನ್ನು ಕ್ಷಮಿಸಿದನೆಂದು ನಾನು ಕಥೆ ಕಟ್ಟುವುದಿಲ್ಲ. ಆದರೆ ಒಬ್ಬನ ಮೋಸದ ಲೆಕ್ಕವನ್ನು ಅವನು ಇಡೀ ಬಳಗದ ಮೇಲೆ ಹಾಕಲಿಲ್ಲ ಎಂಬುದು ಸ್ಪಷ್ಟ. 1156ರಲ್ಲಿ ಅವನ ಮಗಳ ಮದುವೆ ಇನ್ನೊಬ್ಬ ಸೋದರ ಯೂಸುಫನ ಮಗನೊಂದಿಗೆ ನಡೆಯಿತು.

ಅದೇ ಗೆನಿಜಾದಲ್ಲಿ ಇನ್ನೊಂದು ಮನಕಲಕುವ ಪತ್ರವಿದೆ. ಬರೆದವನು ಡೇವಿಡ್ ಎಂಬ ರತ್ನದ ವ್ಯಾಪಾರಿ, ಬರೆದದ್ದು ಕೆಂಪು ಸಮುದ್ರದ ಐಧಾಬ್ ರೇವಿನಿಂದ, ತನ್ನ ಅಣ್ಣನಿಗೆ. ಅಲ್ಲಿ ವ್ಯಾಪಾರ ಸಾಲದೆ ಭಾರತದ ಕಡೆಗೆ ಹಡಗು ಹತ್ತುತ್ತೇನೆ, ಚಿಂತಿಸಬೇಡ ಎಂದು ಅವನು ತಿಳಿಸುತ್ತಾನೆ. ಹಡಗು ಹಿಂದೂ ಮಹಾಸಾಗರದಲ್ಲಿ ಮುಳುಗಿತು, ಡೇವಿಡ್ ಮರಳಲಿಲ್ಲ. ಆ ಅಣ್ಣನೇ ಮೈಮೊನಿಡೀಸ್. ಕಾರ್ಡೋಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ನೆಲೆಸಿ, ವೈದ್ಯನಾಗಿ ಸುಲ್ತಾನ್ ಸಲಾದಿನನ ಆಸ್ಥಾನದವರೆಗೂ ಹೆಸರು ಪಡೆದು, 1204ರಲ್ಲಿ ತೀರಿಕೊಂಡ ಮಹಾಪಂಡಿತ. ತಮ್ಮನ ಸುದ್ದಿ ಬಂದ ಮೇಲೆ ಒಂದು ವರ್ಷ ಹಾಸಿಗೆ ಹಿಡಿದಿದ್ದೆ ಎಂದು ಅವನೇ ಮುಂದೆ ಬರೆದುಕೊಂಡಿದ್ದಾನೆ. ಕ್ಷಮೆಯ ನಿಯಮಗಳನ್ನು ಅತ್ಯಂತ ಸ್ಪಷ್ಟವಾಗಿ ಬರೆದಿಟ್ಟವನು ಈ ಮೈಮೊನಿಡೀಸನೇ.

ಮೈಮೊನಿಡೀಸನ ನಿಯಮಗಳು

ಅವನು ಸುಮಾರು 1180ರ ಹೊತ್ತಿಗೆ ಪೂರೈಸಿದ ಮಿಶ್ನೆ ತೋರಾ ಎಂಬ ಧರ್ಮಸಂಹಿತೆಯಲ್ಲಿ ತೆಶುವಾ ಬಗ್ಗೆಯೇ ಒಂದು ಭಾಗವಿದೆ. ಅದರ ತಿರುಳನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು, ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಒಳಗೊಳಗೇ ನೊಂದುಕೊಂಡರೆ ಸಾಲದು. ಎರಡನೆಯದು, ನಷ್ಟ ತುಂಬಿಕೊಡಬೇಕು. ಮೂರನೆಯದು, ನಷ್ಟ ತುಂಬಿಕೊಟ್ಟ ಮೇಲೂ ನೊಂದವನ ಎದುರಿಗೆ ಹೋಗಿ ಕ್ಷಮೆ ಕೇಳಬೇಕು. ದುಡ್ಡು ಕೊಟ್ಟೆನಲ್ಲ, ಇನ್ನೇನು ಎನ್ನುವಂತಿಲ್ಲ. ಅವನು ಒಪ್ಪದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಬೇಕು, ಹೀಗೆ ಎರಡನೆಯ ಸಲ, ಮೂರನೆಯ ಸಲ ಪ್ರಯತ್ನಿಸಬೇಕು. ಆಗಲೂ ಒಪ್ಪದಿದ್ದರೆ ಬಿಟ್ಟುಬಿಡಬಹುದು. ಈಗ ತಪ್ಪಿನ ಹೊರೆ ಕ್ಷಮಿಸದವನ ಮೇಲಿದೆ. ಆದರೆ ನೊಂದವರು ಗುರುಗಳಾಗಿದ್ದರೆ ಮೂರು ಸಲದ ಮಿತಿಯಿಲ್ಲ, ಸಾವಿರ ಸಲವಾದರೂ ಹೋಗಬೇಕು. ನೊಂದವನು ಸತ್ತುಹೋಗಿದ್ದರೆ ಹತ್ತು ಜನರೊಂದಿಗೆ ಅವನ ಗೋರಿಯ ಬಳಿ ಹೋಗಿ, ಇವನಿಗೆ ಇಂಥ ಅನ್ಯಾಯ ಮಾಡಿದೆ ಎಂದು ಅವರೆಲ್ಲರ ಮುಂದೆ ಹೇಳಬೇಕು.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಕಠಿಣ. ಅದೇ ಸಂದರ್ಭ, ಅದೇ ಅವಕಾಶ ಮತ್ತೆ ಒದಗಿ ಬಂದಾಗ, ಮಾಡುವ ಶಕ್ತಿಯಿದ್ದರೂ ಅದೇ ತಪ್ಪನ್ನು ಮಾಡದೆ ಉಳಿದವನೇ ನಿಜವಾಗಿ ಮರಳಿದವನು. ನಕಲು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿ ಅಂದು ಅತ್ತದ್ದು ತೆಶುವಾ ಆಗಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಮೇಲ್ವಿಚಾರಕರು ಕಿಟಕಿಯ ಕಡೆ ತಿರುಗಿ ನಿಂತಾಗ ಅವನ ಕೈ ಜೇಬಿಗೆ ಹೋಗದಿದ್ದರೆ ಅದು ತೆಶುವಾ.

ಈ ನಿಯಮಗಳಲ್ಲಿ ನ್ಯಾಯ ಎರಡೂ ಕಡೆಗಿದೆ ಎಂಬುದನ್ನು ಗಮನಿಸಿ. ತಪ್ಪು ಮಾಡಿದವನು ಸುಲಭವಾಗಿ ಜಾರಿಕೊಳ್ಳುವಂತಿಲ್ಲ. ನೊಂದವನೂ ತನ್ನ ನೋವನ್ನು ಆಯುಧವಾಗಿ ಹಿಡಿದು ಕೂರುವಂತಿಲ್ಲ. ಮನಃಪೂರ್ವಕವಾಗಿ ಕೇಳಿದವನನ್ನು ಕ್ಷಮಿಸದಿರುವುದು ಕ್ರೌರ್ಯ ಎಂದೇ ಮೈಮೊನಿಡೀಸ್ ಹೇಳುತ್ತಾನೆ.

ಸತ್ತವರ ಪರವಾಗಿ ಕ್ಷಮಿಸಬಹುದೇ?

ಇಪ್ಪತ್ತನೆಯ ಶತಮಾನದಲ್ಲಿ ಈ ಚಿಂತನೆಗೆ ಅತಿ ಘೋರವಾದ ಪರೀಕ್ಷೆ ಎದುರಾಯಿತು. ಹಿಟ್ಲರನ ಆಳ್ವಿಕೆಯಲ್ಲಿ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಯಿತು. ಸೈಮನ್ ವೀಸೆಂತಾಲ್ ಎಂಬ ಯಹೂದಿ ಆಗ ಲ್ವೀವ್ ನಗರದ ಬಳಿ ಸೆರೆಯಾಳಾಗಿದ್ದರು. ಒಂದು ದಿನ ಅವರನ್ನು ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಒಯ್ದಾಗ, ಸಾಯುತ್ತಿದ್ದ ನಾಜಿ ಸೈನಿಕನೊಬ್ಬನ ಹಾಸಿಗೆಯ ಬಳಿಗೆ ಕರೆದೊಯ್ಯಲಾಯಿತು. ಯಹೂದಿ ಕುಟುಂಬಗಳನ್ನು ಒಂದು ಮನೆಯಲ್ಲಿ ತುಂಬಿ ಬೆಂಕಿ ಹಚ್ಚಿದ ಕೃತ್ಯದಲ್ಲಿ ತಾನು ಭಾಗಿಯಾಗಿದ್ದೆ ಎಂದು ಅವನು ಹೇಳಿದ. ಒಬ್ಬ ಯಹೂದಿಯಿಂದ ಕ್ಷಮೆ ಪಡೆದು ಸಾಯಬೇಕೆಂದು ಬೇಡಿದ. ವೀಸೆಂತಾಲ್ ಕೊನೆಯವರೆಗೂ ಕೇಳಿಸಿಕೊಂಡರು, ಒಂದು ಮಾತೂ ಆಡದೆ ಎದ್ದು ಹೋದರು.

ಯುದ್ಧ ಮುಗಿದ ಮೇಲೆ ಅವರು ಆ ಸೈನಿಕನ ತಾಯಿಯನ್ನು ಕಂಡರು. ತನ್ನ ಮಗ ಒಳ್ಳೆಯವನೆಂದು ಆಕೆ ನಂಬಿದ್ದಳು. ವೀಸೆಂತಾಲ್ ಆ ನಂಬಿಕೆಯನ್ನು ಒಡೆಯಲಿಲ್ಲ. ಆದರೆ ತಾವು ಅಂದು ಮೌನವಾಗಿದ್ದದ್ದು ಸರಿಯೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1969ರಲ್ಲಿ ಅವರು ಇದನ್ನು ಬರೆದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಲೋಕದ ಚಿಂತಕರನ್ನು ಕೇಳಿದರು. 'ಸೂರ್ಯಕಾಂತಿ' ಎಂಬ ಅರ್ಥದ ಹೆಸರಿನ ಆ ಪುಸ್ತಕದ ಮುಂದಿನ ಆವೃತ್ತಿಗಳಲ್ಲಿ ದಲೈ ಲಾಮಾ, ಡೆಸ್ಮಂಡ್ ಟುಟು ಅವರ ಉತ್ತರಗಳೂ ಸೇರಿದವು. ಯಹೂದಿ ಚಿಂತಕರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ: ಸುಟ್ಟುಹೋದವರ ಪರವಾಗಿ ಬದುಕುಳಿದವನು ಕ್ಷಮಿಸಲಾರ, ಆ ಹಕ್ಕು ಅವನದಲ್ಲ. ಇದರಲ್ಲಿ ದ್ವೇಷವಿಲ್ಲ. ಸತ್ತವರ ಮಾತನ್ನು ನಾವು ಆಡಬಾರದೆಂಬ ಸಂಕೋಚವಿದೆ.

ಹಾಗೆಂದು ಏನೂ ಮಾಡುವಂತಿಲ್ಲವೇ? 1952ರ ಸೆಪ್ಟೆಂಬರ್ 10ರಂದು ಲಕ್ಸೆಂಬರ್ಗಿನಲ್ಲಿ ನಡೆದ ಒಪ್ಪಂದದಂತೆ ಪಶ್ಚಿಮ ಜರ್ಮನಿ ಇಸ್ರೇಲಿಗೆ 300 ಕೋಟಿ ಮಾರ್ಕ್ ಪರಿಹಾರ ಕೊಡಲು ಒಪ್ಪಿತು. ಇಸ್ರೇಲಿನಲ್ಲೇ ಇದಕ್ಕೆ ಉಗ್ರ ವಿರೋಧವಿತ್ತು, ರಕ್ತದ ಬೆಲೆ ಪಡೆಯುವುದೇ ಎಂದು ಜನ ಬೀದಿಗಿಳಿದರು. ತುಂಬಿಕೊಡುವುದು ಬೇರೆ, ಕ್ಷಮೆ ಬೇರೆ ಎಂದು ಮೈಮೊನಿಡೀಸ್ ಹಿಂದೆಯೇ ಹೇಳಿದ್ದನಲ್ಲ. ಜರ್ಮನಿ ಕೊಟ್ಟದ್ದು ಮೊದಲನೆಯದು, ಎರಡನೆಯದನ್ನು ಕೊಳ್ಳಲು ಬರುವುದಿಲ್ಲ.

ಶಾಂತಿ ಎಂದರೆ ತುಂಬಿಕೊಡುವುದು

ಹೀಬ್ರೂವಿನಲ್ಲಿ ಶಾಂತಿಗೆ ಶಾಲೋಮ್ ಎನ್ನುತ್ತಾರೆ. ನಮಗೆ ಪರಿಚಿತವಾದ ಸಲಾಂ ಅದರ ಅರಬ್ಬೀ ಬಂಧು. ಶಾಲೋಮ್ ಪದದ ಬೇರಿನಿಂದಲೇ ಪೂರ್ಣ ಎಂಬ ಪದವೂ, ಸಲ್ಲಿಸಬೇಕಾದದ್ದನ್ನು ಸಲ್ಲಿಸು ಎಂಬ ಪದವೂ ಹುಟ್ಟಿವೆ. ಹಾಗಾಗಿ ಗಲಾಟೆ ನಿಂತು ನಿಶ್ಶಬ್ದವಾದ ಮಾತ್ರಕ್ಕೆ ಅದನ್ನು ಶಾಲೋಮ್ ಎನ್ನುವಂತಿಲ್ಲ. ಒಡೆದದ್ದು ಕೂಡಬೇಕು, ಬಾಕಿ ಸಂದಿರಬೇಕು.

ಶಾಂತಿಗೆ ಎಲ್ಲರ ಅಭಿಪ್ರಾಯ ಒಂದೇ ಆಗಬೇಕಿಲ್ಲ ಎಂಬುದೂ ಅವರ ಕಾಣ್ಕೆ. ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಶಿಷ್ಯಪಂಥಗಳು ನೂರಾರು ವಿಷಯಗಳಲ್ಲಿ ಜಗಳವಾಡಿದವು, ಆದರೂ ತಮ್ಮೊಳಗೆ ಹೆಣ್ಣು ಕೊಟ್ಟು ತರುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಹಿಲ್ಲೆಲ್ ಪಂಥದ ಮಾತೇ ನಿಂತಿತು. ಅವರು ತಮ್ಮ ವಾದಕ್ಕಿಂತ ಮೊದಲು ಎದುರಾಳಿಯ ವಾದವನ್ನು ಹೇಳುತ್ತಿದ್ದರು ಎಂಬುದೇ ಇದಕ್ಕೆ ಕೊಟ್ಟ ಕಾರಣ. ಕಾಲೇಜಿನ ಚರ್ಚಾಸ್ಪರ್ಧೆಗೆ ನಿಲ್ಲುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಪಶ್ಚಿಮ ಏಷ್ಯಾದ ಯುದ್ಧಗಳ ಸುದ್ದಿ ಓದಿರುವ ನೀವು ಇಲ್ಲಿ ಕೈಯೆತ್ತಿ, ಇಷ್ಟೆಲ್ಲ ಚಿಂತನೆಯಿದ್ದೂ ಅಲ್ಲಿ ಶಾಂತಿ ಏಕಿಲ್ಲ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಗ್ರಂಥದ ಆದರ್ಶವೂ ರಾಜ್ಯಗಳ ನಡವಳಿಕೆಯೂ ಯಾವ ಜನಾಂಗದಲ್ಲೂ ಒಂದೇ ಆಗಿಲ್ಲ. ಆದರೆ ಅದೇ ನೆಲದಲ್ಲಿ 1995ರಲ್ಲಿ ಪೇರೆಂಟ್ಸ್ ಸರ್ಕಲ್ ಎಂಬ ಬಳಗ ಆರಂಭವಾಯಿತು. ಈ ಹಿಂಸೆಯಲ್ಲಿ ಮಕ್ಕಳನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಕುಟುಂಬಗಳು ಅದರಲ್ಲಿ ಎದುರುಬದುರು ಕುಳಿತು ಮಾತನಾಡುತ್ತವೆ. ಸರ್ಕಾರಗಳು ಮಾಡಲಾಗದ್ದನ್ನು ನೊಂದವರೇ ಮಾಡುವ ಪ್ರಯತ್ನವದು.

ನಿನ್ನ ಕೆಲಸ ನಿನ್ನದೇ

ನನ್ನ ಪರವಾಗಿ ಇನ್ನೊಬ್ಬರು ಕ್ಷಮಿಸಲಾರರು, ನನ್ನ ಪರವಾಗಿ ಇನ್ನೊಬ್ಬರು ಕ್ಷಮೆ ಕೇಳಲಾರರು. ಹಾಗಾದರೆ ನನ್ನ ಪರವಾಗಿ ಇನ್ನೊಬ್ಬರು ಬಾಳಲೂ ಆರರು. ಕ್ಷಮೆಯ ವಿಚಾರ ಬಾಳಿನ ಗುರಿಯ ವಿಚಾರಕ್ಕೆ ಬಂದು ಸೇರುವುದು ಇಲ್ಲಿ.

ಹದಿನೆಂಟನೆಯ ಶತಮಾನದ ಪೋಲೆಂಡ್ ಕಡೆಯ ಜೂಸ್ಯಾ ಎಂಬ ಸಾಧುವಿನ ಕಥೆಯೊಂದಿದೆ. ಸಾವಿನ ಸಮಯದಲ್ಲಿ ಅವನು ಶಿಷ್ಯರಿಗೆ ಹೇಳಿದನಂತೆ: ಮಹಾಪ್ರವಾದಿ ಮೋಶೆಯಂತೆ ಏಕೆ ಆಗಲಿಲ್ಲ ಎಂದು ಮೇಲಿನ ಲೋಕದಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ, ಜೂಸ್ಯಾನಂತೆ ಏಕೆ ಆಗಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬುದೇ ನನ್ನ ಭಯ. ಪಕ್ಕದ ಮನೆಯವರ ಅಂಕಪಟ್ಟಿಯೊಂದಿಗೆ ನಿಮ್ಮ ಅಂಕಪಟ್ಟಿಯನ್ನು ಹೋಲಿಸುವ ಹಿರಿಯರಿಗೆ ಈ ಕಥೆಯನ್ನು ನೀವು ಮೆಲ್ಲನೆ ಹೇಳಬಹುದು. ಆದರೆ ಆಗ ನಿಮ್ಮ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಅವರು 1942ರಿಂದ ಯುದ್ಧ ಮುಗಿಯುವವರೆಗೆ ನಾಜಿಗಳ ಶಿಬಿರಗಳಲ್ಲಿದ್ದರು. ತಂದೆ, ತಾಯಿ, ಅಣ್ಣ, ಮಡದಿ ಎಲ್ಲರನ್ನೂ ಕಳೆದುಕೊಂಡರು. ತನಗಾಗಿ ಕಾದಿರುವ ಒಂದು ಕೆಲಸವಿದೆ, ಒಬ್ಬ ವ್ಯಕ್ತಿಯಿದ್ದಾನೆ ಎಂದು ನಂಬಿದವನಿಗೆ ಆ ನರಕದಲ್ಲೂ ಬದುಕುವ ಬಲ ಸಿಗುತ್ತಿತ್ತು ಎಂಬುದು ಅವರು ಅಲ್ಲಿ ಕಂಡ ಸತ್ಯ. 1946ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಜರ್ಮನ್ನರೆಲ್ಲರೂ ಅಪರಾಧಿಗಳು ಎಂಬ ಮಾತನ್ನು ಅವರು ಎಂದೂ ಒಪ್ಪಲಿಲ್ಲ, ತಪ್ಪು ಎಂಬುದು ಮಾಡಿದವನದೇ ಎಂದು ವಾದಿಸಿದರು.

ಪೂರೈಸುವುದು ನಿನ್ನ ಕೈಯಲ್ಲಿಲ್ಲದಿದ್ದರೂ ತೊಡಗುವುದನ್ನು ನೀನು ಬಿಡುವಂತಿಲ್ಲ ಎಂಬುದು ಹಳೆಯ ರಬ್ಬಿಗಳ ಇನ್ನೊಂದು ಬೋಧನೆ. ಇದಕ್ಕೆ ಹಿರಿಯೂರಿನವರಿಗೆ ಬೇರೆ ಉದಾಹರಣೆ ಬೇಕಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ವಾಣಿ ವಿಲಾಸ ಸಾಗರದ ಕಟ್ಟೆ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಸಲ 2022ರಲ್ಲಿ, ಅಂದರೆ 89 ವರ್ಷಗಳ ಮೇಲೆ. ಕಲ್ಲು ಹೊತ್ತ ಎಷ್ಟೋ ಜನ ಆ ಕೆರೆ ತುಂಬಿದ್ದನ್ನು ಕಾಣಲೇ ಇಲ್ಲ. ಆದರೂ ಅವರು ಹೊತ್ತ ಕಲ್ಲು ಇಂದಿಗೂ ನೀರನ್ನು ಹಿಡಿದು ನಿಲ್ಲಿಸಿದೆ.

ದುರ್ಗದ ಸೀಮೆಗೆ ಮರಳಿ

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ಊರುಗಳನ್ನೇ ಹೊಸ ಕಣ್ಣಿನಿಂದ ನೋಡೋಣ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸದ್ಧರ್ಮ ನ್ಯಾಯಪೀಠ ದಶಕಗಳಿಂದ ನಡೆದುಬಂದಿದೆ. ಸೋಮವಾರಗಳಂದು ಹಳ್ಳಿಗಳ ಜನ ಆಸ್ತಿ ಹಂಚಿಕೆ, ದಾಂಪತ್ಯದ ಬಿರುಕು, ಸಾಲದ ತಕರಾರುಗಳನ್ನು ಅಲ್ಲಿಗೆ ತಂದಿದ್ದಾರೆ. ಅದು ಸರ್ಕಾರಿ ನ್ಯಾಯಾಲಯವಲ್ಲ. ಅದರ ಬಲವಿರುವುದು ಜಗಳವಾಡಿದವರನ್ನು ಎದುರುಬದುರು ನಿಲ್ಲಿಸುವುದರಲ್ಲಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಭೂಮಿಯೂ ಬೇರೊಂದು ರೀತಿಯಲ್ಲಿ ಇದನ್ನೇ ಕಲಿಸುತ್ತದೆ. ಇನ್ನೊಬ್ಬನ ಪಾತ್ರ ಹಾಕಿಕೊಂಡು ಅವನ ನೋವನ್ನು ಆಡಿ ತೋರಿಸಿದ ಹುಡುಗ ಅವನನ್ನು ಸುಲಭವಾಗಿ ದ್ವೇಷಿಸಲಾರ.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿ, 1996ರಲ್ಲಿ ನಿಧನರಾದ ರಾಘವೇಂದ್ರ ಸ್ವಾಮೀಜಿಯವರನ್ನೂ ಇಲ್ಲಿ ಸ್ಮರಿಸಬೇಕು. ಯೋಗ, ಆಯುರ್ವೇದ, ಶಾಲೆ ಇವೇ ಅವರ ಬಾಳಿನ ಗುರಿ. ಅದಕ್ಕಾಗಿ ಜೋಳಿಗೆ ಹಿಡಿದು ಬೇಡಿದರು, ತಮ್ಮನ್ನು ತಿರುಕ ಎಂದೇ ಕರೆದುಕೊಂಡರು. ತನ್ನ ಕೆಲಸ ಯಾವುದೆಂದು ಗೊತ್ತಿದ್ದವರಿಗೆ ಕೈಚಾಚುವುದು ಅವಮಾನವೆನಿಸುವುದಿಲ್ಲ.

ಬ್ರಹ್ಮಗಿರಿಯ ಬಂಡೆ ಹೇಳಿದ ಮಾತು ನೆನಪಿದೆಯಲ್ಲವೇ? ಸಣ್ಣವರಿಗೂ ಇದು ಸಾಧ್ಯ ಎಂಬುದು ಆ ಮಾತು. ಅಷ್ಟು ದೊಡ್ಡ ಚಕ್ರವರ್ತಿಯ ಪಶ್ಚಾತ್ತಾಪದ ಶಾಸನ ಧೌಲಿಯ ಬಂಡೆಯನ್ನು ಮುಟ್ಟಲಿಲ್ಲ. ಆದರೆ ನೀವು ನೋಯಿಸಿದ ಗೆಳೆಯನ ಮನೆ ಮುಂದಿನ ಬೀದಿಯಲ್ಲೇ ಇದೆ. ಅಲ್ಲಿಗೆ ಹೋಗಲು ಕಲ್ಲು ಕೊರೆಯುವವರು ಬೇಕಿಲ್ಲ, ವಿಜಯದಶಮಿಯವರೆಗೆ ಕಾಯಬೇಕಾಗಿಯೂ ಇಲ್ಲ. ಬಾಗಿಲು ತಟ್ಟಿ, ನನ್ನಿಂದ ತಪ್ಪಾಯಿತು ಎಂದು ಹೇಳುವುದು ಕಷ್ಟ ನಿಜ. ಆದರೆ ಆ ಕೆಲಸವನ್ನು ನಿಮ್ಮ ಬದಲು ಮತ್ತಾರೂ ಮಾಡಲಾರರು.

ತರಗತಿಯಲ್ಲಿ ಚರ್ಚಿಸಲು

1. ಕಳಿಂಗದಲ್ಲಿ ಪಶ್ಚಾತ್ತಾಪದ ಶಾಸನವನ್ನು ಕೊರೆಸದಿದ್ದದ್ದು ಸರಿಯೇ? ಎರಡೂ ಕಡೆಯ ವಾದವನ್ನು ಹೇಳಿ. ಮೊದಲು ನಿಮಗೆ ಒಪ್ಪಿಗೆಯಿಲ್ಲದ ವಾದವನ್ನು ಹೇಳಿ.

2. ನೀವು ವೀಸೆಂತಾಲ್ ಅವರ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಕಾರಣ ಕೊಡಿ.

3. ನಿಮ್ಮ ಊರಿನಲ್ಲಿ ರಾಜಿಯಾದ ಹಳೆಯ ಜಗಳವೊಂದರ ಬಗ್ಗೆ ಅಜ್ಜ ಅಜ್ಜಿಯರನ್ನು ಕೇಳಿ. ಮೊದಲ ಹೆಜ್ಜೆ ಇಟ್ಟವರು ಯಾರು, ತುಂಬಿಕೊಟ್ಟದ್ದು ಏನು ಎಂಬುದನ್ನು ಹೆಸರು ಬರೆಯದೆ ದಾಖಲಿಸಿ.